ತಮಟೆಯ ನಂತರದ ಮಾತು

ನಮ್ಮ ಕಡೆ ಸರ್ಕಾರದ ಹುಕುಂ ಕಣ್ಣಿಗೆ ಬೀಳುತ್ತಿರಲಿಲ್ಲ, ಕಿವಿಗೆ ಬೀಳುತ್ತಿತ್ತು. ಕಂದಾಯದ ಗಡುವಿರಲಿ, ಕೆರೆಯ ತೂಬು ಎತ್ತುವ ದಿನವಿರಲಿ, ದನಗಳಿಗೆ ಬಂದ ಜಾಡ್ಯವಿರಲಿ, ಮೊದಲು ತಳವಾರ ಸಂತೆಯಲ್ಲಿ ತಮಟೆ ಬಾರಿಸುತ್ತಿದ್ದ. ಆಮೇಲೆ ಯಾರಾದರೊಬ್ಬರು ಎತ್ತರದ ಜಾಗದಲ್ಲಿ ನಿಂತು ಹೇಳುತ್ತಿದ್ದರು. ಹೇಳುವವನು ಯಾರು ಎಂದು ಯಾರೂ ನೋಡುತ್ತಿರಲಿಲ್ಲ. ತಮಟೆ ನಿಂತ ಮೇಲೆ ಬರುವ ಮಾತು ಸರ್ಕಾರದ್ದು, ಅಷ್ಟೆ. ಅಜ್ಜಂಪುರದಲ್ಲಿ ಆಗತಾನೆ ಮಾತು ಕಲಿತ ಮಗುವಿಗೂ ಇದು ಗೊತ್ತಿತ್ತು. ಬೆಂಗಳೂರಿನ ಕಾಲೇಜಿನಲ್ಲಿ ಓದಿ ಬಿ.ಎ. ಮಾಡಿಕೊಂಡು ಬಂದ ನಮ್ಮಿಬ್ಬರಿಗೆ ಮಾತ್ರ ಇದು ಹೊಳೆಯಲಿಲ್ಲ.

ಈಗಲೂ ಎಲ್ಲಾದರೂ ತಮಟೆಯ ಸದ್ದಾದರೆ ನಾನು ಕೂತಲ್ಲಿಂದ ಎದ್ದು ಬಾಗಿಲು ಯಾವ ಕಡೆ ಇದೆ ಎಂದು ನೋಡಿಕೊಳ್ಳುತ್ತೇನೆ. ಮನೆಯವರು ನಗುತ್ತಾರೆ. ನಗಲಿ. ಹೆಂಚಿನ ಚೂರು ಕಿವಿಯ ಪಕ್ಕದಲ್ಲಿ ಹಾದುಹೋಗುವಾಗ ಏನು ಸದ್ದಾಗುತ್ತದೆ ಎಂಬುದು ಅವರಿಗೆ ಗೊತ್ತಿಲ್ಲ.

ನನ್ನ ಗೆಳೆಯ ಕಡೂರಿನ ಹತ್ತಿರದ ಹಳ್ಳಿಯವನು. ಬೆದ್ದಲು ಹೊಲ, ಒಂದಿಷ್ಟು ತೆಂಗಿನ ತೋಟ ಇದ್ದ ಒಕ್ಕಲು ಮನೆತನ. ಆ ಮನೆಯಲ್ಲಿ ಇಂಗ್ಲಿಷ್ ಅಕ್ಷರ ಓದಿದವನು ಇವನೇ ಮೊದಲು. ಮೈಸೂರು ಸಿವಿಲ್ ಸರ್ವಿಸ್ ಪರೀಕ್ಷೆಗೆ ಹಿಂದೊಮ್ಮೆ ಕೂತು ತಪ್ಪಿದ್ದ. ವಯಸ್ಸಿನ ಮಿತಿಯ ಪ್ರಕಾರ ಈ ಸಲ ಬಿಟ್ಟರೆ ಮತ್ತೆ ಇಲ್ಲ. ಅವನನ್ನು ಹಿಂದಿನ ಸಲ ಕೆಡವಿದ್ದು ಲೋಕದ ವಿದ್ಯಮಾನಗಳ ಮೇಲಿನ ಪ್ರಶ್ನೆಗಳು. ಗಣಿತ, ಇತಿಹಾಸ, ಕಾನೂನುಗಳನ್ನು ಹಳ್ಳಿಯ ಪಡಸಾಲೆಯಲ್ಲಿ ಕೂತು ಓದಬಹುದು. ಈ ವಾರ ಪ್ರಪಂಚದಲ್ಲಿ ಏನಾಯಿತು ಎಂದು ತಿಳಿಯಲು ಪೇಪರು ಬೇಕು. ಅವನ ಹಳ್ಳಿಗೆ ಪೇಪರು ಬರುತ್ತಿರಲಿಲ್ಲ. ನಮ್ಮೂರಿಗೆ ಬರುತ್ತಿತ್ತು, ಮದರಾಸಿನಿಂದ ರೈಲಿನಲ್ಲಿ, ಒಂದೇ ಒಂದು, ನನ್ನ ದೊಡ್ಡಪ್ಪನ ಹತ್ತಿ ಮಂಡಿಗೆ. ಹಾಗಾಗಿ ಅವನು ನಮ್ಮ ಮನೆಗೆ ಬಂದು ಉಳಿದ. ನಾನೂ ಅದೇ ಪರೀಕ್ಷೆಗೆ ಮೊದಲ ಸಲ ಕೂರುವವನಿದ್ದೆ.

ದೊಡ್ಡಪ್ಪನಿಗೆ ಇಂಗ್ಲಿಷ್ ಬರುತ್ತಿರಲಿಲ್ಲ. ಗುಮಾಸ್ತ ಹತ್ತಿಯ ಧಾರಣೆ ಇರುವ ಮೂಲೆಯನ್ನು ಹುಡುಕಿ ಅಂಕಿಗಳನ್ನು ಓದಿಬಿಟ್ಟರೆ ಪೇಪರಿನ ಕೆಲಸ ಮುಗಿಯುತ್ತಿತ್ತು. ಉಳಿದ ಹಾಳೆ ನಮಗೆ. ಅದಕ್ಕೆ ಪ್ರತಿಯಾಗಿ ದೊಡ್ಡಪ್ಪ ಒಂದು ಕೆಲಸ ಹೇಳಿದರು: ಸಂತೆಯ ದಿನ ಮಂಡಿಯ ಜಗಲಿಯ ಮೇಲೆ ನಿಂತು ವಾರದ ಸುದ್ದಿಯನ್ನೆಲ್ಲ ಕನ್ನಡದಲ್ಲಿ ಹೇಳಬೇಕು. ಕೇಳುವುದಕ್ಕೆ ಬಂದವರು ಹತ್ತಿಯನ್ನೂ ಇಲ್ಲೇ ಇಳಿಸುತ್ತಾರೆ ಎಂಬುದು ಅವರ ಲೆಕ್ಕಾಚಾರ.

ಗೆಳೆಯನಿಗೆ ಇದು ಹೇಳಿ ಮಾಡಿಸಿದಂತಿತ್ತು. ವಾರವೆಲ್ಲ ಓದಿ ಸುದ್ದಿಗಳನ್ನು ವಿಂಗಡಿಸುತ್ತಿದ್ದ: ಯುರೋಪಿನ ಯುದ್ಧ, ಬ್ರಿಟಿಷ್ ಪಾರ್ಲಿಮೆಂಟು, ಮಹಾರಾಜರ ಸರ್ಕಾರ, ರೈಲು, ನೀರಾವರಿ, ಸಾಂಕ್ರಾಮಿಕ ರೋಗಗಳು. ಆಮೇಲೆ ಒಂದೊಂದನ್ನೂ ಪರೀಕ್ಷೆಯ ಉತ್ತರದ ಹಾಗೆ ಕಟ್ಟಿಕೊಂಡು ಗೋಡೆಗೆ ಮುಖಮಾಡಿ ಹೇಳಿಕೊಳ್ಳುತ್ತಿದ್ದ. “ಎತ್ತು ಮಾರೋಕೆ ಬಂದೋನಿಗೆ ತಿಳಿಯೋ ಹಂಗೆ ಹೇಳೋಕೆ ಬರ್ಲಿಲ್ಲ ಅಂದ್ರೆ, ಅದು ನಂಗೇ ತಿಳಿದಿಲ್ಲ ಅಂತ ಅರ್ಥ ಕಣೋ,” ಎನ್ನುತ್ತಿದ್ದ.

ಮೊದಲ ಕೆಲವು ವಾರ ಜಗಲಿಯ ಮುಂದೆ ನಿಂತವರು ಬೆರಳೆಣಿಕೆಯ ಜನ. ಮೆಣಸಿನಕಾಯಿ ಸಾಲಿನ ಗದ್ದಲದಲ್ಲಿ ಅವನ ಗಂಟಲು ಯಾರಿಗೂ ಮುಟ್ಟುತ್ತಿರಲಿಲ್ಲ. ಆಗ ದೊಡ್ಡಪ್ಪ ತಳವಾರನನ್ನು ಕರೆಸಿದರು. ಅವನು ದೊಡ್ಡಪ್ಪನ ಹೊಲವನ್ನೇ ಬೆಳೆಯಲ್ಲಿ ಪಾಲು ಕೊಡುವ ಕರಾರಿನ ಮೇಲೆ ವಾರಕ್ಕೆ ಮಾಡುತ್ತಿದ್ದವನು. “ಸುದ್ದಿ ಸುರುವಾಗೋಕೆ ಮುಂಚೆ ನಾಕು ಪೆಟ್ಟು ಹಾಕ್ಬುಡೋ,” ಎಂದರು. ಅವನು ಹಾಕಿದ. ಸಂತೆಗೆ ಸಂತೆಯೇ ತಿರುಗಿ ನೋಡಿತು. ಅಂದಿನಿಂದ ಪ್ರತಿ ವಾರ ಹಾಗೆಯೇ ಆಯಿತು.

“ಅಮಲ್ದಾರ ಆದ್ಮೇಲೆ ಹೊಡೆಸ್ಬೇಕಾದ ತಮಟೇನ ನಿಮ್ಮ ದೊಡ್ಡಪ್ಪ ಈಗ್ಲೇ ಹೊಡೆಸ್ತಾವ್ರಲ್ಲೋ,” ಎಂದು ಗೆಳೆಯ ನಕ್ಕಿದ್ದ.

ಜಗಲಿಯ ಮುಂದೆ ನಡೆಯುತ್ತಿದ್ದ ಪ್ರಶ್ನೋತ್ತರ ಹೀಗಿರುತ್ತಿತ್ತು.

“ಏನಪ್ಪಾ ಪೇಪರ್ರು, ಜರ್ಮನಿಯೋನು ಎಲ್ಲಿಗ್ ಬಂದ?”

“ಫ್ರಾನ್ಸು ದೇಶದಾಗೆ ನಿಂತವ್ನೆ ಅಜ್ಜಾ.”

“ಅದು ಬೀರೂರಿಂದ ಆಚೀಗೋ, ಈಚೀಗೋ?”

“ಸಮುದ್ರದಾಚೆ.”

“ಅಲ್ಲಾ, ಅಲ್ಲೆಲ್ಲೋ ಸಮುದ್ರದಾಚೆ ನಿಂತಿರೋನು ನಮ್ಮ ಹತ್ತಿ ಬೆಲೆಗೆ ಕೈ ಹಾಕ್ದ ಅಂದ್ರೆ, ಅವನ ಕೈ ಏಟುದ್ದ ಇರ್ಬೇಕಲೇ!”

ಜನ ನಗುತ್ತಿದ್ದರು. ಆದರೆ ಹತ್ತಿಯ ಬೆಲೆ ಬೀಳುತ್ತಲೇ ಇತ್ತು. ಕೊಳ್ಳುವವರ ಹಡಗುಗಳು ನಿಂತಿದ್ದವು. ಆ ಸುದ್ದಿಯನ್ನು ವಾರ ವಾರವೂ ಅವರು ಕೇಳುತ್ತಿದ್ದದ್ದು ಇವನ ಬಾಯಿಂದಲೇ. “ಇವನ ಬಾಯಿಗೆ ಒಂದಾರ ಒಳ್ಳೆ ಸುದ್ದಿ ಹತ್ತಾಕಿಲ್ವಲ್ಲ,” ಎಂದು ಒಬ್ಬ ಹೆಂಗಸು ನನ್ನ ಮುಂದೆಯೇ ಎಲೆಯಡಿಕೆ ಉಗಿದಳು. ನಾನು ಅದನ್ನು ತಮಾಷೆ ಎಂದುಕೊಂಡೆ.

ಆ ವಾರದ ಪೇಪರಿನಲ್ಲಿ ರೈಲು ದಾರಿಯ ಮೇಲಿನ ಬಡಗಣ ಊರುಗಳಲ್ಲಿ ಪ್ಲೇಗು ಕಾಣಿಸಿಕೊಂಡ ಸುದ್ದಿಯಿತ್ತು. ಪ್ಲೇಗು ಪೇಟೆಗೆ ಕಾಲಿಟ್ಟರೆ ಅಧಿಕಾರಿ ಏನು ಮಾಡಬೇಕು ಎಂಬ ಪ್ರಶ್ನೆ ಬಂದೇ ಬರುತ್ತದೆ ಎಂದು ಅವನಿಗೆ ಗಟ್ಟಿ ನಂಬಿಕೆ. ಉತ್ತರವನ್ನು ಚೆನ್ನಾಗಿ ಕಟ್ಟಿಕೊಂಡಿದ್ದ. ತಳವಾರ ತಮಟೆ ಬಾರಿಸಿದ. ಗೆಳೆಯ ಜಗಲಿ ಹತ್ತಿ, ಊರುಗಳ ಸುದ್ದಿ ಹೇಳಿ, ಹಾಗೆಯೇ ಉತ್ತರಕ್ಕೆ ಬಂದ.

“ಇಂಥ ಹೊತ್ತಿನಲ್ಲಿ ಮೊದಲು ಸಂತೆ ನಿಲ್ಲಿಸಬೇಕು. ಜನ ಮನೆ ಬಿಟ್ಟು ಊರಾಚೆ ಗುಡಿಸಲು ಹಾಕಿಕೊಳ್ಳಬೇಕು. ಒಳಗೆ ಬಿಸಿಲು ಬೀಳುವ ಹಾಗೆ ಹೆಂಚು ಇಳಿಸಬೇಕು. ಸತ್ತ ಇಲಿ ಕಂಡರೆ ತಕ್ಷಣ ಚಾವಡಿಗೆ ತಿಳಿಸಬೇಕು.”

ಅಂದು ಯಾರೂ ಪ್ರಶ್ನೆ ಕೇಳಲಿಲ್ಲ. ಯಾರೂ ನಗಲಿಲ್ಲ. ಅವನು ಇಳಿದು ಬಂದು ಬೆವರು ಒರೆಸಿಕೊಳ್ಳುತ್ತ, “ನೋಡ್ದಾ? ಒಂದು ಸಂದೇಹಾನೂ ಏಳ್ಲಿಲ್ಲ. ಉತ್ತರ ಅಂದ್ರೆ ಹಂಗಿರ್ಬೇಕು,” ಎಂದ.

ಅದುವರೆಗೆ ಆ ಜಗಲಿಯಿಂದ ಬಂದ ಸುದ್ದಿಯಲ್ಲಿ ಜನ ಮಾಡಬೇಕಾದದ್ದು ಏನೂ ಇರಲಿಲ್ಲ. ಫ್ರಾನ್ಸಿನ ಬಗ್ಗೆ ಅಜ್ಜಂಪುರದವರು ಏನು ಮಾಡಿಯಾರು? ಅಂದು ಮೊದಲ ಸಲ ಮಾಡಬೇಕಾದ ಕೆಲಸಗಳು ಒಂದರ ಹಿಂದೊಂದು ಬಂದಿದ್ದವು, ಅದೂ ತಮಟೆಯ ನಂತರ. ನಮಗೆ ಅದು ತಿಳಿಯುವ ಹೊತ್ತಿಗೆ ಗಾಡಿಗಳು ನೊಗ ಕಟ್ಟಿ ಹೊರಟಿದ್ದವು. ಇಳಿಸಿದ್ದ ಹತ್ತಿ ಮತ್ತೆ ಗಾಡಿ ಏರಿತು. ದೊಡ್ಡಪ್ಪ ಮಂಡಿಯಿಂದ ಹೊರಗೆ ಓಡಿ ಬಂದು, “ಎಲ್ಲಿಗ್ರೋ ಹೊಂಟ್ರಿ? ತೂಕ ಆಗಿಲ್ಲ ಕಣ್ರೋ!” ಎಂದು ಕೂಗುತ್ತಿದ್ದರು. ಯಾರೂ ನಿಲ್ಲಲಿಲ್ಲ.

ಮರುದಿನ ಬೆಳಿಗ್ಗೆ ಕೆಳಗಿನ ಕೇರಿಯಲ್ಲಿ ಹೆಂಚು ಇಳಿಸುವ ಸದ್ದು. ಗೆಳೆಯ ಅಂಗಿ ಹಾಕಿಕೊಳ್ಳದೆಯೇ ಓಡಿದ. ನಾನೂ ಹಿಂದೆ ಓಡಿದೆ. ಒಂದು ಮನೆಯ ಮೇಲೆ ಕುಕ್ಕರಗಾಲಲ್ಲಿ ಕೂತು ಹೆಂಚು ಕೈಯಿಂದ ಕೈಗೆ ದಾಟಿಸುತ್ತಿದ್ದ ರೈತನಿಗೆ ಗೆಳೆಯ ಕೆಳಗಿನಿಂದಲೇ ಕೈ ಮುಗಿದ.

“ಇಳಿಸ್ಬ್ಯಾಡಿ ಅಣ್ಣಾ, ಅದು ಹುಕುಂ ಅಲ್ಲ. ನಾನು ಪರೀಕ್ಷೆಗೆ ಓದಿದ್ದು ಹೇಳ್ದೆ ಅಷ್ಟೆ.”

“ತಮಟೆ ಆಯ್ತಲ್ಲ ಸ್ವಾಮಿ?”

“ತಮಟೆ ಆದ್ರೂ ಹುಕುಂ ಅಲ್ಲ.”

“ಹುಕುಂ ಅಲ್ದೇ ಇದ್ರೆ ತಮಟೆ ಯಾಕ್ ಹೊಡೆಸ್ತಿದ್ರಿ? ನಾಳೆ ಶೇಕ್ದಾರ್ರು ಬಂದು ಯಾಕಲೇ ಇಳಿಸ್ಲಿಲ್ಲ ಅಂದ್ರೆ, ಅವಾಗ ನೀವ್ ಬತ್ತೀರಾ ನನ್ನ ಜೊತೆ?”

ಹಾಗೆಂದು ಅವನು ಮುಂದಿನ ಹೆಂಚಿಗೆ ಕೈ ಹಾಕಿದ. ಆ ರೈತನ ಹೆಂಡತಿ ಹಸಿ ಬಾಣಂತಿ. ಅವಳನ್ನೂ ಕೂಸನ್ನೂ ಆ ದಿನವೇ ಊರಾಚೆಯ ಹೊಲದ ಗುಡಿಸಲಿಗೆ ಸಾಗಿಸಿದರು. ಎರಡು ದಿನ ಕಳೆಯುವುದರೊಳಗೆ ಅಕಾಲದ ಮಳೆ ಹೊಡೆಯಿತು. ಹೆಂಚಿಲ್ಲದ ಮನೆಗಳ ಒಳಗೆ ಬಿತ್ತನೆಯ ಕಾಳು, ಹತ್ತಿ, ಹಾಸಿಗೆ ಎಲ್ಲ ನೀರು ಕುಡಿದವು. ಗುಡಿಸಲಿನಲ್ಲಿ ನೆಂದ ಬಾಣಂತಿಗೆ ಜ್ವರ ಏರಿತು.

ಅಲ್ಲಿಂದ ಊರು ನಮ್ಮ ಮೇಲೆ ತಿರುಗಿತು. ಹಾಲಿನವಳು ನಮ್ಮ ಬೀದಿಗೆ ಬರುವುದನ್ನೇ ಬಿಟ್ಟಳು. ಗೆಳೆಯ ಬಾವಿಯ ಹತ್ತಿರ ಹೋದರೆ ನೀರು ಸೇದುತ್ತಿದ್ದವರು ಹಗ್ಗ ಎತ್ತಿಕೊಂಡು ಹೋಗುತ್ತಿದ್ದರು. ಬಾಗಿಲಿಗೆ ಸಗಣಿ ಎರಚಿದರು. “ಅಮಲ್ದಾರಿಕೆ ಆಸೆಗೆ ಊರು ಕೆಡಿಸ್ದ. ನಾವೇನು ಇವನ ಪಾಠಶಾಲೆಯಾ?” ಎಂದು ನಮ್ಮ ಕಿವಿಗೆ ಬೀಳುವ ಹಾಗೆಯೇ ಮಾತಾಡಿದರು. ನನ್ನ ತಾಯಿ ನನ್ನನ್ನು ಒಳಗೆ ಕರೆದು, “ಆ ಹುಡುಗನ್ನ ಕಡೂರಿಗೆ ಕಳಿಸ್ಬಿಡೋ, ಜೀವ ಉಳ್ಕೊಳ್ಲಿ,” ಎಂದರು. ಅವನು ಹೋಗಲಿಲ್ಲ. ಹೋಗುವ ಹಾಗಿರಲಿಲ್ಲ. ಪರೀಕ್ಷೆಯ ಅರ್ಜಿಯ ಜೊತೆಗೆ ವಾಸವಿದ್ದ ತಾಲ್ಲೂಕಿನ ಅಮಲ್ದಾರರು ಕೊಟ್ಟ ನಡತೆಯ ಸರ್ಟಿಫಿಕೇಟು ಇರಬೇಕಿತ್ತು. ನಮ್ಮ ಊರು ತರೀಕೆರೆ ತಾಲ್ಲೂಕಿಗೆ ಸೇರಿದ್ದು. ಅರ್ಜಿಯ ಗಡುವು ಹತ್ತಿರವಾಗಿತ್ತು, ಸರ್ಟಿಫಿಕೇಟು ಇನ್ನೂ ಬಂದಿರಲಿಲ್ಲ.

ಬಂದದ್ದು ಅಮಲ್ದಾರರೇ. ತರೀಕೆರೆಯಿಂದ ಬಂದು ಚಾವಡಿಯಲ್ಲಿ ಕೂತು, ಸೇರಿದ ಜನರೆಲ್ಲ ಕೇಳುವಂತೆ ಮೊದಲು ಹೇಳಿದ ಮಾತು: “ಸರ್ಕಾರದಿಂದ ಅಂಥ ಹುಕುಂ ಆಗಿಲ್ಲ.” ಅಷ್ಟು ಸಾಕಾಯಿತು. ಜನರ ಗಂಟಲಿನಿಂದ ಎದ್ದ ಆ ಸದ್ದನ್ನು ನಾನು ಹೇಗೆ ಬರೆಯಲಿ? ಬೈಗುಳವಲ್ಲ, ಕೂಗಲ್ಲ. ಕಟ್ಟಿದ ದನ ಹಗ್ಗ ಜಗ್ಗುವಾಗ ಬರುವಂಥ ಉಸಿರು.

“ತಮಟೆ ಹೊಡೆಸಿದವರು ಯಾರು?” ಎಂದು ಅಮಲ್ದಾರರು ಕೇಳಿದರು.

ದೊಡ್ಡಪ್ಪ ಎದ್ದು ನಿಂತು ಶಲ್ಯ ಸರಿಮಾಡಿಕೊಂಡರು. “ನಮಗೇನು ಗೊತ್ತು ಸ್ವಾಮಿ. ಪೇಪರ್ ಓದ್ತೀನಿ, ಜಗಲಿ ಕೊಡಿ ಅಂದ. ಓದೋ ಹುಡುಗ ಅಂತ ಕೊಟ್ಟೆ.”

ನಾನು ಸುಮ್ಮನಿರಲಿಲ್ಲ. “ದೊಡ್ಡಪ್ಪ, ತಳವಾರನ್ನ ಕರೆಸಿದ್ದು ನೀವೇ. ನಾನೇ ಪಕ್ಕದಲ್ಲಿದ್ದೆ,” ಎಂದೆ. ಅವರು ಎರಡು ಹೆಜ್ಜೆ ಬಂದು ಎಲ್ಲರ ಎದುರಿಗೆ ನನ್ನ ಕೆನ್ನೆಗೆ ಹೊಡೆದರು. “ಓದು ತಲೆಗೇರಿದೆ ಇವನಿಗೂ,” ಎಂದರು. ಯಾರೋ ಕಿಸಕ್ಕನೆ ನಕ್ಕರು.

ತಳವಾರನನ್ನು ಮುಂದೆ ನಿಲ್ಲಿಸಿದರು.

“ಹೊಡಿ ಅಂದ್ರು ಬುದ್ಧಿ, ಹೊಡ್ದೆ.”

“ಯಾರು ಅಂದಿದ್ದು?”

ಅವನು ದೊಡ್ಡಪ್ಪನ ಮೆಟ್ಟನ್ನು ನೋಡಿದ. ಆಮೇಲೆ ಗೆಳೆಯನ ಕಡೆ ಕೈ ತೋರಿಸಿದ. ಅವನ ಮೇಲೆ ನನಗೆ ಅಷ್ಟು ಸಿಟ್ಟಿಲ್ಲ. ಉಳುವ ಹೊಲ ಯಾರದೋ, ಬಾಯಿಯೂ ಅವರದೇ. ಆದರೆ ಆ ಅಮಲ್ದಾರರು? ಅವರೂ ಪರೀಕ್ಷೆ ಬರೆದು ಬಂದವರು. ಅವರಿಗೆ ಎಲ್ಲ ಅರ್ಥವಾಗಿತ್ತು, ಅದು ಅವರ ಮುಖದಲ್ಲಿ ಕಾಣುತ್ತಿತ್ತು. ಯುದ್ಧದ ನಿಧಿಗೆ ನಮ್ಮ ಕಡೆಯಿಂದ ಕೈ ಬಿಚ್ಚಿ ಕೊಡುತ್ತಿದ್ದವರು ದೊಡ್ಡಪ್ಪ. ಅಮಲ್ದಾರರು ಅವರನ್ನು ಇನ್ನೊಂದು ಪ್ರಶ್ನೆ ಕೇಳಲಿಲ್ಲ.

ಜನ ಚದುರಿದ ಮೇಲೆ ಅವರು ಗೆಳೆಯನನ್ನು ಹತ್ತಿರ ಕರೆದರು. “ಸರ್ಕಾರದ ಹೆಸರಿನಲ್ಲಿ ಹುಕುಂ ಸಾರಿದ್ದು ಅಪರಾಧ, ಯಂಗ್ ಮ್ಯಾನ್. ನಾನು ಕಠಿಣವಾಗಿ ನಡೆದುಕೊಳ್ಳಬಹುದು. ಆದರೆ ನೀನು ಓದಿದವನು. ಬರುವ ಸಂತೆಗೆ ನಾನೇ ಬರುತ್ತೇನೆ. ಅದೇ ಜಗಲಿ, ಅದೇ ತಮಟೆ. ಹೇಳಿದ್ದೆಲ್ಲ ಸುಳ್ಳು, ರೋಗದ ಭಯ ಏನೂ ಇಲ್ಲ, ಎಲ್ಲರೂ ಮನೆಗೆ ಮರಳಿ ಅಂತ ಹೇಳು. ಹೇಳಿ ಇಳಿದ ಕೂಡಲೇ ನಿನ್ನ ಸರ್ಟಿಫಿಕೇಟು ನಿನ್ನ ಕೈಗೆ.”

“ಹೇಳ್ತೇನೆ ಸಾರ್,” ಎಂದ ಅವನು.

ಹೇಳುವುದೆಂದೇ ಇತ್ತು. ಸಂತೆಯ ದಿನದವರೆಗೂ ಅವನು ಆ ನಾಲ್ಕು ಮಾತನ್ನು ತೂಗಿ ಅಳೆದು ಕಟ್ಟಿಕೊಂಡ. ಅವಮಾನವಾಗುವುದಿಲ್ಲವೇ ಎಂದು ಕೇಳಿದೆ. “ಆಗುತ್ತೆ. ಆಗ್ಲಿ ಬಿಡು. ಮುಂದಿನ ವರ್ಷ ಅನ್ನೋದು ನಂಗಿಲ್ಲ ಕಣೋ,” ಎಂದ.

ಸಂತೆಯ ದಿನ ಬೆಳಿಗ್ಗೆ ಪೇಪರು ತರಲು ನಾನು ಮಂಡಿಗೆ ಹೋದೆ. ಮುಂದಿನ ಬಾಗಿಲಲ್ಲಿ ಯಾರೂ ಇರಲಿಲ್ಲ. ಹಿಂದಿನ ಗೋದಾಮಿನ ಕಡೆಯಿಂದ ಸೀಮೆಎಣ್ಣೆಯ ವಾಸನೆ ಬರುತ್ತಿತ್ತು. ಗುಮಾಸ್ತ ಬಾಯಿಗೆ ವಸ್ತ್ರ ಕಟ್ಟಿಕೊಂಡು, ಹತ್ತಿ ಅಂಡಿಗೆಗಳ ಸಂದಿಯಿಂದ ಸಲಿಕೆಯಲ್ಲಿ ಏನನ್ನೋ ಎತ್ತಿ ಹಿತ್ತಲ ಗುಂಡಿಗೆ ಹಾಕುತ್ತಿದ್ದ. ಇಲಿಗಳು. ಹೊಟ್ಟೆ ಉಬ್ಬಿ, ಕಾಲು ಸೆಟೆದು ಬಿದ್ದಿದ್ದ ಇಲಿಗಳು. ಪಕ್ಕದಲ್ಲಿ ನಿಂತಿದ್ದ ದೊಡ್ಡಪ್ಪ ನನ್ನನ್ನು ನೋಡಿದರು.

“ಬೆಕ್ಕು ಹಿಡ್ದಿರೋದು.”

“ಒಂದರ ಮೇಲೂ ಗಾಯ ಇಲ್ಲ ದೊಡ್ಡಪ್ಪ.”

“ಬಾಯಿ ಮುಚ್ಕೊಂಡಿರು.” ಅವರ ದನಿ ಏರಲಿಲ್ಲ. “ಇಲಿ ಬಿತ್ತು ಅಂತ ಗೊತ್ತಾದ್ರೆ ಈ ಅಂಡಿಗೇಲಿ ಒಂದನ್ನೂ ರೈಲಿಗೆ ಹಾಕೋಕೆ ಬಿಡಾಕಿಲ್ಲ. ನಿನ್ನ ಗೆಳೆಯಂಗೆ ಸರ್ಟಿಫಿಕೇಟು ಬೇಕೋ ಬ್ಯಾಡ್ವೋ? ಅದನ್ನ ಯೋಚ್ನೆ ಮಾಡು.”

ನಾನು ನೇರವಾಗಿ ಮನೆಗೆ ಬಂದು ಅವನಿಗೆ ಹೇಳಿದೆ. ಅವನು ತಲೆ ಬಾಚಿಕೊಳ್ಳುತ್ತಿದ್ದ. ಬಾಚಣಿಗೆ ಕೂದಲಲ್ಲೇ ನಿಂತಿತು.

“ಕಣ್ಣಾರೆ ನೋಡ್ದಾ?”

“ನೋಡ್ದೆ.”

“ಒಂದಾ?”

“ಸಲಿಕೆ ತುಂಬ.”

ಅವನು ಹಿತ್ತಲಿಗೆ ಹೋಗಿ ಮುಖಕ್ಕೆ ನೀರು ಹಾಕಿಕೊಂಡ. ಬಹಳ ಹೊತ್ತು ಹಾಕಿಕೊಂಡ. ಹೊರಟಾಗ ದಾರಿಯಲ್ಲಿ ಒಂದೇ ಒಂದು ಮಾತು: “ಅಮಲ್ದಾರ್ರಿಗೆ ಮೊದ್ಲು ಹೇಳ್ತೀನಿ.” ಹೇಳಿದ. ಮಂಡಿಯ ಒಳಗೆ ಕುರ್ಚಿಯಲ್ಲಿ ಕೂತಿದ್ದ ಅವರು ಗೋದಾಮಿಗೆ ಹೋಗಿ ಬಂದರು. ಗುಮಾಸ್ತ ಆ ಹೊತ್ತಿಗೆ ಗುಂಡಿ ಮುಚ್ಚಿದ್ದ. “ಇಲ್ಲಿ ಏನೂ ಇಲ್ಲ. ಒಪ್ಪಿಕೊಂಡದ್ದನ್ನು ಹೇಳು,” ಎಂದು ಕೋಟಿನ ಜೇಬಿನಿಂದ ಸಹಿ ಮಾಡಿದ ಕಾಗದ ತೆಗೆದು ಮೊಣಕಾಲಿನ ಮೇಲೆ ಇಟ್ಟುಕೊಂಡರು. ಸೀಮೆಎಣ್ಣೆಯ ವಾಸನೆ ಅವರ ಮೂಗಿಗೆ ಬಡಿದಿರಲಿಲ್ಲ ಎಂದು ನಾನು ನಂಬುವುದಿಲ್ಲ.

ತಮಟೆ ಆಯಿತು. ಜಗಲಿಯ ಮುಂದೆ ಅಷ್ಟು ಜನವನ್ನು ನಾನು ಎಂದೂ ಕಂಡಿರಲಿಲ್ಲ. ಸುದ್ದಿ ಕೇಳಲು ಬಂದವರಲ್ಲ ಅವರು. ಅವನು ತಲೆ ತಗ್ಗಿಸುವುದನ್ನು ನೋಡಲು ಬಂದವರು. ಮುಂದಿನ ಸಾಲಿನಲ್ಲಿ ಆ ಬಾಣಂತಿಯ ಗಂಡ. ಕಂಬಳಿಯ ಮಡಿಲಿನಲ್ಲಿ ಒಡೆದ ಹೆಂಚು ತುಂಬಿಕೊಂಡು ಬಂದಿದ್ದ. ತನ್ನ ಮನೆಯವೇ, ಇಳಿಸುವಾಗ ಒಡೆದವು.

“ಹೋದ ಸಂತೆಯಲ್ಲಿ ನಾನು ಹೇಳಿದ್ದು ಸರ್ಕಾರದ ಹುಕುಂ ಅಲ್ಲ,” ಎಂದು ಗೆಳೆಯ ಶುರುಮಾಡಿದ. “ಅದು ನನ್ನ ಪರೀಕ್ಷೆಯ ಪಾಠ. ನಿಮಗೆ ಆದ ನಷ್ಟಕ್ಕೆ ನಾನು ಕಾರಣ. ತಪ್ಪಾಯಿತು.”

ಅಮಲ್ದಾರರು ತಲೆ ಆಡಿಸಿದರು. ಅಲ್ಲಿಗೆ ನಿಲ್ಲಿಸಿ “ಮನೆಗೆ ಮರಳಿ” ಎಂದಿದ್ದರೆ ಮುಗಿದುಹೋಗುತ್ತಿತ್ತು. ಎಷ್ಟೋ ಸಲ ಮನಸ್ಸಿನಲ್ಲೇ ಅವನ ಬಾಯಿಂದ ಆ ಎರಡು ಶಬ್ದ ಹೇಳಿಸಿದ್ದೇನೆ. ಅವನು ಹೇಳಿದ್ದು ಬೇರೆ.

“ಈಗ ಹೇಳೋದೂ ಸರ್ಕಾರದ್ದಲ್ಲ, ನನ್ನದೇ. ಇವತ್ತು ಬೆಳಿಗ್ಗೆ ಈ ಗೋದಾಮಲ್ಲಿ ಇಲಿ ಬಿದ್ದವೆ. ಹಿತ್ತಲ ಗುಂಡಿ ಅಗೆದು ನೋಡ್ಕಳಿ. ಗುಡಿಸಲಲ್ಲಿ ಇರೋರು ಅಲ್ಲೇ ಇರಿ. ಮನೆಗೆ ಬರಬ್ಯಾಡಿ.”

ಬಾಣಂತಿಯ ಗಂಡ ಕಂಬಳಿಯ ಮಡಿಲಿಗೆ ಕೈ ಹಾಕಿದ. ನನ್ನ ತಲೆಯಲ್ಲಿ ಆ ಕ್ಷಣ ಇಂದಿಗೂ ಪೂರ್ತಿ ಮುಗಿದಿಲ್ಲ.

“ಇನ್ನೊಂದ್ ಕಿತ ಆಟ ಆಡ್ತೀಯೇನಲೇ ನಮ್ಮ ಕೂಡೆ?” ಎಂದ ಬಾಣಂತಿಯ ಗಂಡ.

ಮೊದಲ ಹೆಂಚು ಕಂಬಕ್ಕೆ ಬಡಿದು ಪುಡಿಯಾಯಿತು. ಎರಡನೆಯದು ನನ್ನ ಭುಜಕ್ಕೆ. ಮೂರನೆಯದು ಗೆಳೆಯನ ಕಿವಿಯನ್ನು ಹರಿದುಕೊಂಡು ಹೋಯಿತು. ನಾವು ಹಿಂದಕ್ಕೆ ತಿರುಗಿ ಮಂಡಿಯ ಬಾಗಿಲಿಗೆ ಹಾರಿದೆವು. ಆಗಲೇ ಅದು ಮುಚ್ಚುತ್ತಿತ್ತು. ಸಂದಿಯಲ್ಲಿ ದೊಡ್ಡಪ್ಪನ ಕಣ್ಣು ಕಂಡಿತು, ಅವರ ಹಿಂದೆ ಅಮಲ್ದಾರರ ರುಮಾಲು. ಅಗುಳಿ ಬಿದ್ದ ಸದ್ದು ಕೇಳಿಸಿತು. ಸರ್ಕಾರ, ಸಾಹುಕಾರ ಇಬ್ಬರೂ ಒಳಗೆ. ನಾವಿಬ್ಬರೂ ಹೊರಗೆ.

ಓಡಿದೆವು. ಗಾಡಿಗಳ ಸಂದಿಯಲ್ಲಿ, ಮೆಣಸಿನಕಾಯಿ ರಾಶಿಗಳ ಮೇಲೆ ಕಾಲಿಟ್ಟು, ರೈಲ್ವೆ ಸ್ಟೇಷನ್ನಿನ ಕಡೆಗೆ. ಹಿಂದೆ ಕೂಗು: “ಹಿಡ್ಕಳ್ರೋ! ಕಾಲ್ ಮುರೀರೋ ಅವಂದು!” ನಮ್ಮೊಡನೆ ವಾರ ವಾರವೂ ನಕ್ಕಿದ್ದ ಗಂಟಲುಗಳೇ ಅವು. ಜರ್ಮನಿಯವನ ಕೈಯುದ್ದ ಕೇಳಿದ್ದ ಮುದುಕನೂ ಕೈಯಲ್ಲಿ ಕೋಲು ಹಿಡಿದು ಅಡ್ಡ ಬಂದ. ಅವನ ಬಾಯಲ್ಲಿ ಆಗ ತಮಾಷೆ ಇರಲಿಲ್ಲ.

ಬೀರೂರಿನ ಕಡೆ ಹೊರಡಲಿದ್ದ ಒಂದು ಗೂಡ್ಸ್ ರೈಲು ನಿಂತಿತ್ತು. ಹಳಿಯ ಹತ್ತಿರ ಗೆಳೆಯ ಎಡವಿದ. ಬಾಣಂತಿಯ ಗಂಡ ಅವನ ಮೇಲೆ ಬಿದ್ದು ಎರಡೂ ಕೈಯಲ್ಲಿ ಗಂಟಲು ಹಿಡಿದ. ನಾನು ಅವನ ತೋಳು ಹಿಡಿದು ಎಳೆದೆ. ಮರದ ಬೇರನ್ನು ಎಳೆದ ಹಾಗಿತ್ತು. ಹಿಂದಿನಿಂದ ಯಾರೋ ನನ್ನ ಬೆನ್ನಿಗೆ ಒದೆಯುತ್ತಿದ್ದರು.

“ನನ್ನೆಂಡ್ತಿ ಮಳೇಲಿ ನೆಂದ್ಲು ಕಣೋ! ಹಸಿ ಬಾಣಂತಿ! ನಿನ್ನ ಪಾಠಕ್ಕೆ!” ಎಂದು ಆ ಮನುಷ್ಯ ಅಳುತ್ತ ಹಿಸುಕುತ್ತಿದ್ದ.

ಗೆಳೆಯನ ಮುಖ ಕಪ್ಪಿಡುತ್ತಿತ್ತು. ಅಂಥ ಹೊತ್ತಿನಲ್ಲಿ ಮನುಷ್ಯ ಬಿಡು ಎನ್ನುತ್ತಾನೆ, ದೇವರನ್ನು ಕರೆಯುತ್ತಾನೆ. ಇವನು ಉಸಿರು ಸಿಕ್ಕಷ್ಟರಲ್ಲಿ, “ಅವಳ್ನ... ಒಳಗೆ ಕರ್ಕೊಂಡ್ ಹೋಗ್ಬ್ಯಾಡ,” ಎಂದ. ಆ ಮಾತಿಗೆ ಕೈ ಸಡಿಲಾಗಲಿಲ್ಲ. ಇನ್ನೂ ಬಿಗಿಯಾಯಿತು.

ಗೆಳೆಯ ಉಳಿದದ್ದು ಎಂಜಿನ್ನಿನ ಡ್ರೈವರನಿಂದ. ಅವನು ಕಿವಿ ಹರಿಯುವಂತೆ ಸಿಳ್ಳೆ ಹೊಡೆಸಿ, ಹಳಿಯ ಮಗ್ಗುಲಿಗೆ ಬುಸ್ಸೆಂದು ಹಬೆ ಬಿಟ್ಟ. ಬಿಸಿ ತಗಲಿ ಜನ ಚೆಲ್ಲಾಪಿಲ್ಲಿಯಾದರು. ಆ ಬಿಳಿ ಹಬೆಯೊಳಗೆ ನಾನು ಗೆಳೆಯನ ಕಂಕುಳಿಗೆ ಕೈ ಹಾಕಿ ಎಳೆದೆ. ಗಾರ್ಡು ನಮ್ಮಿಬ್ಬರನ್ನೂ ತನ್ನ ಡಬ್ಬಿಗೆ ಎತ್ತಿಕೊಂಡು ಬಾಗಿಲು ಹಾಕಿದ. ರೈಲು ಹೊರಟ ಮೇಲೂ ಜಲ್ಲಿ ಕಲ್ಲುಗಳು ಮರದ ಗೋಡೆಗೆ ಬಡಿಯುತ್ತಿದ್ದವು. ಗೆಳೆಯ ನೆಲದ ಮೇಲೆ ಕೂತು ಕಿವಿಗೆ ಅಂಗಿಯ ತುದಿ ಒತ್ತಿಕೊಂಡಿದ್ದ. ಯಾರಾದರೂ ಗುಂಡಿ ಅಗೆಯುತ್ತಾರೋ ಇಲ್ಲವೋ ಎಂದಷ್ಟೆ ಕೇಳಿದ.

ಯಾರೂ ಅಗೆಯಲಿಲ್ಲ. ಕೆಲವು ವಾರಗಳ ಮೇಲೆ ಅಗೆಯುವ ಅಗತ್ಯವೇ ಉಳಿಯಲಿಲ್ಲ, ಇಲಿಗಳು ಬೀದಿಯಲ್ಲೇ ಬಿದ್ದವು. ಆಗ ಅದೇ ಅಮಲ್ದಾರರು ಅದೇ ಹುಕುಂ ಸಾರಿಸಿದರು: ಸಂತೆ ಬಂದ್, ಮನೆ ಖಾಲಿ, ಹೆಂಚು ಇಳಿಸಿ. ಒಂದು ಸಲ ಮೋಸಹೋದವರು ಬೇಗ ಏಳಲಿಲ್ಲ. ಮೊದಲು ಸತ್ತವರಲ್ಲಿ ಸಲಿಕೆ ಹಿಡಿದಿದ್ದ ಆ ಗುಮಾಸ್ತ ಒಬ್ಬ. ದೊಡ್ಡಪ್ಪ ಆ ಹೊತ್ತಿಗೆ ಅಂಡಿಗೆಗಳನ್ನು ಸಾಗಿಸಿ, ಮಠದ ದರ್ಶನದ ನೆಪದಲ್ಲಿ ಊರು ಬಿಟ್ಟಿದ್ದರು. ಅವರು ಬಹಳ ವರ್ಷ ಬದುಕಿದರು. ನಾನು ಅವರ ಮನೆಯ ಹೊಸಿಲನ್ನು ಮತ್ತೆ ತುಳಿಯಲಿಲ್ಲ. ಬಾಣಂತಿಯ ಮನೆಯವರು ಗುಡಿಸಲಿನಲ್ಲೇ ಉಳಿದಿದ್ದರಂತೆ, ತಾಯಿ ಮಗು ಇಬ್ಬರೂ ಬದುಕಿದರಂತೆ. ಗಂಡ ಇವನ ಮಾತಿಗೆ ಬೆಲೆ ಕೊಟ್ಟು ಉಳಿದನೋ, ಮನೆಗೆ ಹೊದಿಸಲು ಹೆಂಚು ಉಳಿಯದೆ ಉಳಿದನೋ ನನಗೆ ಗೊತ್ತಿಲ್ಲ. ನಾನು ಕೇಳಲೂ ಇಲ್ಲ. ಅವನ ಅಳು ನಿಜ. ಅವನ ಬೆರಳಿನ ಗುರುತು ನನ್ನ ಗೆಳೆಯನ ಗಂಟಲಿನ ಮೇಲಿದ್ದದ್ದೂ ನಿಜ.

ಗೆಳೆಯ ಕಡೂರಿನಿಂದ ತರೀಕೆರೆಗೆ ಮತ್ತೆ ಅರ್ಜಿ ಬರೆದ. ಬಂದ ಉತ್ತರ ಒಂದೇ ಸಾಲಿನದು: ಅರ್ಜಿದಾರನ ನಡತೆಯ ಬಗ್ಗೆ ತೃಪ್ತಿಕರವಾಗಿ ಬರೆಯಲು ಸಾಧ್ಯವಿಲ್ಲ. ಗಡುವು ಕಳೆಯಿತು, ಅದರೊಂದಿಗೆ ಅವನ ವಯಸ್ಸೂ. ಅವನ ತಂದೆ ತೋಟದಲ್ಲಿ ಕಾಯಿ ಸುಲಿಯುತ್ತ, “ಅಮಲ್ದಾರ ಆಗಿ ಬತ್ತಾನೆ ಅಂತ ಕಳಿಸಿದ್ರೆ ಕಿವಿ ಹರ್ಕೊಂಡ್ ಬಂದ,” ಎಂದರು. ಅವನೂ ಒಂದು ಕಾಯಿ ತೆಗೆದುಕೊಂಡು ಪಕ್ಕದಲ್ಲಿ ಕೂತ.

ನನ್ನ ಅರ್ಜಿಗೆ ಸರ್ಟಿಫಿಕೇಟು ಬಂತು. ಕೆನ್ನೆಗೆ ಹೊಡೆಸಿಕೊಂಡವನು ಸಾಹುಕಾರರ ತಮ್ಮನ ಮಗ ತಾನೆ. ಅಮಲ್ದಾರರು ನನ್ನನ್ನು ಕರೆಸಲಿಲ್ಲ, ಒಂದು ಪ್ರಶ್ನೆ ಕೇಳಲಿಲ್ಲ. ಅರ್ಜಿದಾರನು ಉತ್ತಮ ನಡತೆಯವನು, ಸರ್ಕಾರಕ್ಕೆ ನಿಷ್ಠನು ಎಂದು ಬರೆದಿದ್ದರು. ಪರೀಕ್ಷೆಗೆ ಬೆಂಗಳೂರಿಗೆ ಹೊರಟ ದಿನ ಗೆಳೆಯ ಕಡೂರು ಸ್ಟೇಷನ್ನಿಗೆ ಬಂದಿದ್ದ. ಕಾಗದವನ್ನು ಕೇಳಿ ತೆಗೆದುಕೊಂಡು ಓದಿದ, ಮಡಿಕೆ ಕೆಡದ ಹಾಗೆ ಮಡಿಸಿ ಹಿಂದಕ್ಕೆ ಕೊಟ್ಟ.

“ಸಹಿ ಮುದ್ದಾಗಿದೆ ಕಣೋ,” ಎಂದ.

ಆಮೇಲೆ ಕಿಟಕಿಯ ಹೊರಗೆ ನಿಂತು ನನ್ನನ್ನು ಪ್ರಶ್ನೆ ಕೇಳಲು ಶುರುಮಾಡಿದ. ಈ ವಾರ ಪಾರ್ಲಿಮೆಂಟಿನಲ್ಲಿ ಏನಾಯಿತು, ಹೊಸ ರೈಲು ದಾರಿ ಎಲ್ಲಿಂದ ಎಲ್ಲಿಗೆ, ಹತ್ತಿ ಯಾಕೆ ಬಿತ್ತು. ಪೇಪರಿಲ್ಲದ ಹಳ್ಳಿಯಲ್ಲಿ ಕೂತು ಎಲ್ಲಿಂದ ಅಷ್ಟನ್ನು ತಿಳಿದುಕೊಂಡನೋ. ಪ್ಲಾಟ್‌ಫಾರಂ ಮೇಲೆ ಯಾರೋ ದನಿ ಏರಿಸಿದರೂ ನಾನು ಡಬ್ಬಿಯ ಬಾಗಿಲ ಕಡೆ ತಿರುಗುತ್ತಿದ್ದೆ. ಒಂದಕ್ಕೂ ನೆಟ್ಟಗೆ ಉತ್ತರ ಬರಲಿಲ್ಲ. ನಾನು ತಡವರಿಸಿದಲ್ಲೆಲ್ಲ ಅವನೇ ಉತ್ತರ ಹೇಳಿದ, ಒಂದು ಸಂದೇಹವೂ ಏಳದ ಹಾಗೆ.

ಆ ವರ್ಷ ನಾನು ತೇರ್ಗಡೆಯಾಗಲಿಲ್ಲ. ಇದನ್ನು ಓದಿದವರಿಗೆ ಎಲ್ಲೋ ಒಂದು ನ್ಯಾಯ ಸಿಕ್ಕಂತೆ ಅನಿಸಬಹುದು. ಸಿಕ್ಕಿಲ್ಲ. ತೇರ್ಗಡೆಯಾಗಬೇಕಾಗಿದ್ದವನು ರೈಲು ಹತ್ತದೆ ಪ್ಲಾಟ್‌ಫಾರಂ ಮೇಲೆಯೇ ಉಳಿದಿದ್ದ.